ಸೋಲುತ್ತಿರುವ ಕಾಲೇಜು ಹಾಕಿ ತಂಡ: ಟಿಕೆಟ್ ದರ ಎಷ್ಟಿರಲಿ, ರಿಯಾಯಿತಿ ಯಾರಿಗಿರಲಿ?

ತಂಡ ಸಾಲಾಗಿ ಸೋಲುತ್ತಿದೆ. ಗ್ಯಾಲರಿ ಅರ್ಧಕ್ಕರ್ಧ ಖಾಲಿ. ಕ್ರೀಡಾ ಸಮಿತಿಯವರು ಸಭೆ ಸೇರಿದರೆ ಮೊದಲು ಬರುವ ಸಲಹೆ ಸಾಮಾನ್ಯವಾಗಿ ಒಂದೇ: "ಟಿಕೆಟ್ ಅರ್ಧ ಮಾಡೋಣ, ಇಲ್ಲಾಂದ್ರೆ ಫ್ರೀ ಬಿಟ್ಟುಬಿಡೋಣ." ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಎಲ್ಲರಿಗೂ ಒಟ್ಟಿಗೆ ದರ ಇಳಿಸುವುದು ಸುಲಭ. ಇಳಿಸಿದ ದರವನ್ನು ಮತ್ತೆ ಏರಿಸುವುದು ಬಹಳ ಕಷ್ಟ.

ರಿಯಾಯಿತಿ ಕೊಡಲೇಬಾರದು ಅಂತಲ್ಲ. ಯಾರಿಗೆ ಕೊಡುತ್ತೀರಿ, ಯಾವ ಕಾರಣಕ್ಕೆ ಕೊಡುತ್ತೀರಿ ಅನ್ನುವುದು ಗೇಟಿನಲ್ಲಿ ನಿಂತ ಹುಡುಗನಿಗೂ ಗೊತ್ತಿರಬೇಕು. ಕಾರಣ ಇಲ್ಲದ ರಿಯಾಯಿತಿ ಜನರಿಗೆ ಹೇಳುವುದು ಇಷ್ಟೇ: ಈ ತಂಡವನ್ನು ನೋಡಲು ಯಾರೂ ಬರುತ್ತಿಲ್ಲ.

ಕೊಡಗಿನ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು, ಪೊನ್ನಂಪೇಟೆ, ಸೋಮವಾರಪೇಟೆ, ಕುಶಾಲನಗರ ಕಡೆಯ ಕಾಲೇಜುಗಳ ಕ್ರೀಡಾ ಸಮಿತಿ ಮತ್ತು ಹಳೇ ವಿದ್ಯಾರ್ಥಿ ಸಂಘದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೇಳುತ್ತಿರುವುದು ಹಾಕಿಯ ಬಗ್ಗೆ. ಫುಟ್‌ಬಾಲ್, ವಾಲಿಬಾಲ್‌ಗೂ ಹೆಚ್ಚುಕಡಿಮೆ ಇದೇ ದಾರಿ.

ಮೊದಲು: ಟಿಕೆಟ್ ಯಾವ ಪಂದ್ಯಕ್ಕೆ?

ನಮ್ಮಲ್ಲಿ ಮೈದಾನದ ಬದಿಯಲ್ಲಿ ನಿಂತು ಸುಮ್ನೆ ಹಾಕಿ ನೋಡುವುದು ಜನರಿಗೆ ಅಭ್ಯಾಸ. ಹಾಗಾಗಿ ಎಲ್ಲ ಪಂದ್ಯಕ್ಕೂ ಟಿಕೆಟ್ ಇಡಬೇಡಿ. ಅಭ್ಯಾಸ ಪಂದ್ಯ, ಸಣ್ಣ ಸ್ನೇಹ ಪಂದ್ಯ ಎಲ್ಲರಿಗೂ ತೆರೆದಿರಲಿ. ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಿಗೆ ಅದರದೇ ನಿಯಮ, ಅದರದೇ ಆಡಳಿತ ಇರುತ್ತದೆ. ಅದರಲ್ಲಿ ಕೈ ಹಾಕುವುದು ಬೇಡ. ಟಿಕೆಟ್ ಇಡುವುದಾದರೆ ನೀವೇ ನಡೆಸುವ ಆಹ್ವಾನಿತ ಪಂದ್ಯಾವಳಿಗೆ, ವರ್ಷಕ್ಕೆ ಐದಾರು ದೊಡ್ಡ ತವರು ಪಂದ್ಯಗಳಿಗೆ ಇಡಿ. ಆ ದಿನ ಕುರ್ಚಿ, ನೆರಳು, ಕಾಫಿ, ಮೈಕ್‌ನಲ್ಲಿ ಆಟ ವಿವರಿಸುವವರು ಎಲ್ಲ ಇರಲಿ. ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಅನ್ನುವುದು ಕಣ್ಣಿಗೆ ಕಾಣಬೇಕು.

ಪಂದ್ಯದ ಹಣ ಎಲ್ಲಿಗೆ ಹೋಗುತ್ತದೆ ಎಂದು ಟಿಕೆಟ್ ಮೇಲೆಯೇ ಅಚ್ಚು ಹಾಕಿ. "ಗೋಲ್‌ಕೀಪರ್ ಕಿಟ್‌ಗೆ", "ಹೊರಗಿನ ಪಂದ್ಯಗಳ ಬಸ್ ಖರ್ಚಿಗೆ" ಎಂದು ಒಂದು ಸಾಲು ಸಾಕು. ಕೊಡಗಿನಲ್ಲಿ ಕೀಪರ್ ಪ್ಯಾಡ್‌ಗೆ ಎಷ್ಟಾಗುತ್ತದೆ ಅಂತ ಗೊತ್ತಿರುವ ಪ್ರೇಕ್ಷಕರು ಬಹಳ ಇದ್ದಾರೆ. ಅವರು 50 ರೂಪಾಯಿಗೆ ಚೌಕಾಸಿ ಮಾಡುವುದಿಲ್ಲ.

ಎರಡನೆಯದು: ನಿಜವಾದ ಲೆಕ್ಕ

ಒಂದು ಪಂದ್ಯದ ದಿನದ ಖರ್ಚನ್ನು ಕಾಗದದಲ್ಲಿ ಬರೆಯಿರಿ. ಅಂಪೈರ್‌ಗಳ ಭತ್ಯೆ, ಶಾಮಿಯಾನ ಮತ್ತು ಕುರ್ಚಿ ಬಾಡಿಗೆ, ಮೈಕ್ ಸೆಟ್, ಪ್ರಥಮ ಚಿಕಿತ್ಸೆ, ನೀರು, ಟಿಕೆಟ್ ಅಚ್ಚು. ಉದಾಹರಣೆಗೆ ಒಟ್ಟು 15,000 ರೂಪಾಯಿ ಎಂದುಕೊಳ್ಳಿ. ಹಳೇ ವಿದ್ಯಾರ್ಥಿಗಳು, ಊರಿನ ಅಂಗಡಿಯವರು ಸೇರಿ 6,000 ಕೊಟ್ಟರು. ಉಳಿದ 9,000 ಗೇಟಿನಿಂದ ಬರಬೇಕು.

ಈಗ ಕಳೆದ ಮೂರು ಪಂದ್ಯಕ್ಕೆ ಬಂದವರನ್ನು ಲೆಕ್ಕ ಹಾಕಿ. ಟಿಕೆಟ್ ಕೊಂಡು ಬಂದವರನ್ನು ಮಾತ್ರ. ಸರಾಸರಿ 150 ಜನ, ದರ 50 ರೂಪಾಯಿ ಅಂದರೆ 7,500 ಬಂತು. 1,500 ಕಡಿಮೆ ಬಿತ್ತು.

ದರವನ್ನು 25ಕ್ಕೆ ಇಳಿಸಿದರೆ ಅದೇ 7,500 ಬರಲು 300 ಜನ ಬೇಕು. 40ಕ್ಕೆ ಇಳಿಸಿದರೆ 188 ಜನ. 60ಕ್ಕೆ ಏರಿಸಿದರೆ 125 ಜನ ಸಾಕು, ಅಂದರೆ 25 ಜನ ಕಡಿಮೆಯಾದರೂ ಹಳೇ ಕಲೆಕ್ಷನ್ ಕೈಗೆ ಬರುತ್ತದೆ. ಈ ಲೆಕ್ಕವನ್ನು ಸಭೆಯಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿ. ಶೇ. 20 ಇಳಿಸಿದರೆ ಶೇ. 25 ಜಾಸ್ತಿ ಜನ ಬರಬೇಕು. ಶೇ. 30 ಇಳಿಸಿದರೆ ಶೇ. 43. ಅರ್ಧ ಇಳಿಸಿದರೆ ಇಮ್ಮಡಿ. ಸೋಲುವ ತಂಡಕ್ಕೆ 25 ರೂಪಾಯಿ ಉಳಿಯುತ್ತದೆ ಅಂತ ಇನ್ನೂ 150 ಜನ ಬರುತ್ತಾರಾ? ನನಗೆ ನಂಬಿಕೆ ಇಲ್ಲ. ಬರದೇ ಇರುವವರು ಬರದಿರುವುದು 25 ರೂಪಾಯಿಗಾಗಿ ಅಲ್ಲ. ವಾಹನದ ಪೆಟ್ರೋಲ್‌ಗೇ ಅದಕ್ಕಿಂತ ಜಾಸ್ತಿ ಆಗುತ್ತದೆ.

ದರ 20, 50, 100 ಹೀಗೆ ದುಂಡಗೆ ಇರಲಿ. ಗೇಟಿನಲ್ಲಿ ಚಿಲ್ಲರೆಯ ತಕರಾರು ಅರ್ಧ ಕಡಿಮೆಯಾಗುತ್ತದೆ. ತೆರಿಗೆ ಚಿಂತೆಯೂ ಇಲ್ಲ. ಕ್ರೀಡಾ ಪಂದ್ಯದ ಪ್ರವೇಶ ದರ ಒಬ್ಬರಿಗೆ 500 ರೂಪಾಯಿ ದಾಟದಿದ್ದರೆ ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಪಂಚಾಯಿತಿ ಅಥವಾ ಪುರಸಭೆಗೆ ಮತ್ತು ಪೊಲೀಸ್ ಠಾಣೆಗೆ ಮಾತ್ರ ಮೊದಲೇ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ.

ಮೂರನೆಯದು: ಪಾಸ್ ಕೊಂಡವರಿಗೆ ಮೋಸ ಆಗಬಾರದು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನ ಸಮಿತಿಗಳು ಕೆಡುವುದು ಇಲ್ಲಿಯೇ.

ಆರು ತವರು ಪಂದ್ಯಗಳಿವೆ ಎಂದುಕೊಳ್ಳಿ. ಗೇಟಿನ ದರ 50. ಸೀಸನ್ ಪಾಸ್ ಅನ್ನು 200ಕ್ಕೆ ಇಡಿ. ನಾಲ್ಕು ಪಂದ್ಯದ ದುಡ್ಡಿಗೆ ಆರು ಪಂದ್ಯ. ಪಾಸ್ ಇರುವವರಿಗೆ ಒಂದು ಪಂದ್ಯ 33 ರೂಪಾಯಿಯ ಮೇಲೆ ಸ್ವಲ್ಪ ಚಿಲ್ಲರೆಗೆ ಬಿತ್ತು. ಈಗ ಒಂದು ನಿಯಮ ಮಾಡಿ: ಸೀಸನ್ ಮುಗಿಯುವವರೆಗೆ ದೊಡ್ಡವರಿಗೆ ಯಾವ ಆಫರ್‌ನಲ್ಲೂ ಟಿಕೆಟ್ 35ಕ್ಕಿಂತ ಕೆಳಗೆ ಹೋಗಬಾರದು. ಇದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಮೂರು ಪಂದ್ಯ ಸೋತ ಮೇಲೆ ಗಾಬರಿಯಲ್ಲಿ ಯಾರಾದರೂ "20 ರೂಪಾಯಿಗೆ ಬಿಡೋಣ" ಅಂದಾಗ ಆ ಪುಟ ತೆಗೆದು ತೋರಿಸಬಹುದು.

ಯಾಕೆ ಇಷ್ಟು ಬಿಗಿ? ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕಥೆ ಕೇಳಿ. ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. 2014ರಲ್ಲಿ ತಂಡ ಕೆಟ್ಟದಾಗಿ ಆಡುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಎರಡು ಕೋಕ್ ಬಾಟಲಿ ಕೊಂಡರೆ ಪಂದ್ಯಕ್ಕೆ ಎರಡು ಟಿಕೆಟ್ ಸಿಗುತ್ತದೆ ಅನ್ನುವ ಆಫರ್ ಅಂಗಡಿಗಳಲ್ಲಿ ಬಂತು. ಪೂರ್ತಿ ಬೆಲೆ ಕೊಟ್ಟು ಟಿಕೆಟ್ ಇಟ್ಟುಕೊಂಡಿದ್ದವರಿಗೆ ಹೇಗಾಗಿರಬೇಡ! ಗಲಾಟೆ ಎದ್ದು ಆಫರ್ ವಾಪಸ್ ಪಡೆಯಬೇಕಾಯಿತು. ಅದೇ ವರ್ಷ ವಿದ್ಯಾರ್ಥಿಗಳ ಸೀಸನ್ ಟಿಕೆಟ್ 295 ಡಾಲರ್ ಇತ್ತು. ಮುಂದಿನ ವರ್ಷಕ್ಕೆ ಅದನ್ನು 175ಕ್ಕೆ ಇಳಿಸಿದರು. ಈ ಎರಡು ಇಳಿಕೆ ಒಂದೇ ಥರ ಅಲ್ಲ. ಮೊದಲನೆಯದು ಸೀಸನ್ ನಡುವೆ, ಯಾರು ಬೇಕಾದರೂ ಕೊಳ್ಳುವಂತೆ, ಹಳೇ ಗಿರಾಕಿಗಳನ್ನು ಮರೆತು ಕೊಟ್ಟದ್ದು. ಎರಡನೆಯದು ಮುಂದಿನ ಸೀಸನ್‌ಗೆ, ಒಂದು ವರ್ಗಕ್ಕೆ, ಮೊದಲೇ ಹೇಳಿ ಕೊಟ್ಟದ್ದು. ನೀವು ಇಳಿಸುವುದಿದ್ದರೆ ಎರಡನೆಯ ದಾರಿ ಹಿಡಿಯಿರಿ.

ಅಷ್ಟು ದೊಡ್ಡ ಊರಿನಲ್ಲೇ ಹೀಗೆ ಅಂದಮೇಲೆ, ಗೋಣಿಕೊಪ್ಪಲಿನ ಸಂತೆಯಲ್ಲಿ ಎಲ್ಲರೂ ಎಲ್ಲರನ್ನೂ ನೋಡುವ ನಮ್ಮಲ್ಲಿ ಕೇಳಬೇಕಾ? ಪಾಸ್ ಕೊಂಡ ನಿವೃತ್ತ ಮೇಷ್ಟ್ರಿಗೆ ಪಕ್ಕದ ಮನೆಯವರು 20ಕ್ಕೆ ಬಂದದ್ದು ಸಂಜೆಯೊಳಗೆ ಗೊತ್ತಾಗುತ್ತದೆ. ಅವರು ಜಗಳ ಮಾಡುವುದಿಲ್ಲ. ಮುಂದಿನ ವರ್ಷ ಪಾಸ್ ಕೊಳ್ಳುವುದಿಲ್ಲ, ಅಷ್ಟೇ.

ನಡುವೆ ಜನ ಸೇರಿಸಲೇಬೇಕು ಅನಿಸಿದರೆ ಆಫರ್ ಪಾಸ್‌ದಾರರ ಕೈಯಿಂದಲೇ ಹೋಗಲಿ. ಪ್ರತಿ ಪಾಸ್‌ಗೆ ಎರಡು "ಜೊತೆಗೊಬ್ಬರು" ಕೂಪನ್ ಕೊಡಿ. ಅವರು ನೆಂಟರನ್ನೋ ಗೆಳೆಯರನ್ನೋ ಕರೆದುಕೊಂಡು ಬರಲಿ. ಬೆಲೆ ಇಳಿಯಲಿಲ್ಲ, ಕರೆದವರಿಗೂ ಮರ್ಯಾದೆ ಸಿಕ್ಕಿತು, ಹೊಸಬರು ಮೈದಾನ ನೋಡಿದರು.

ನಾಲ್ಕನೆಯದು: ರಿಯಾಯಿತಿ ಯಾರಿಗೆ?

ಇಲ್ಲಿ ಕೊಡಗಿನವರಿಗೆ ಇರುವ ಅನುಕೂಲ ಬೇರೆ ಕಡೆ ಇಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳು ಆಡಿದವು, ಅದು ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ಜನ ಸೇರುವುದು ಚಾಂಪಿಯನ್ ತಂಡ ನೋಡಲು ಮಾತ್ರ ಅಲ್ಲ. ನಮ್ಮ ಒಕ್ಕದ (ಮನೆತನದ) ಹುಡುಗ ಆಡುತ್ತಾನೆ, ಅತ್ತೆ ಮಗ ಗೋಲ್ ಕೀಪರ್, ಭಾವ ಐವತ್ತು ದಾಟಿದರೂ ಸ್ಟಿಕ್ ಹಿಡಿದಿದ್ದಾರೆ ಅಂತ ಬರುತ್ತಾರೆ. ಮೊದಲ ಸುತ್ತಿನಲ್ಲೇ ಸೋಲುವ ತಂಡಕ್ಕೂ ಪ್ರೇಕ್ಷಕರಿದ್ದಾರೆ. ಅರೆಭಾಷೆ ಗೌಡ ಕುಟುಂಬಗಳ ಕ್ರಿಕೆಟ್‌ನಲ್ಲೂ ಇದೇ. ಸೋಲುವ ಕಾಲೇಜು ತಂಡಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಾ?

ಆದ್ದರಿಂದ ರಿಯಾಯಿತಿಯನ್ನು ಒಬ್ಬೊಬ್ಬರಿಗೆ ಕೊಡುವ ಬದಲು ಗುಂಪಿಗೆ ಕೊಡಿ. ಒಂದು ಕುಟುಂಬ, ಒಂದು ತೋಟ, ಒಂದು ಸ್ತ್ರೀಶಕ್ತಿ ಸಂಘ, ಒಂದು ಯುವಕ ಸಂಘ. ಹತ್ತು ಟಿಕೆಟ್ ಒಟ್ಟಿಗೆ ಕೊಂಡರೆ ಎಂಟರ ದುಡ್ಡು, ಅಂದರೆ 400. ಒಬ್ಬರಿಗೆ 40 ಬಿತ್ತು, ನಮ್ಮ 35ರ ಗೆರೆ ದಾಟಲಿಲ್ಲ. ಟಿಕೆಟ್ ಮಾರುವ ಕೆಲಸವನ್ನು ತಂಡದ ಆಟಗಾರರೇ ಮಾಡಲಿ. ಹದಿನೆಂಟು ಹುಡುಗರು ತಲಾ ಒಂದು ಗುಂಪು ತಂದರೂ 180 ಜನ ಆಯಿತು. ತೋಟದಲ್ಲಿ ಮಾಲೀಕರನ್ನು ಕೇಳುವ ಜೊತೆಗೆ ಲೆಕ್ಕ ಬರೆಯುವ ರೈಟರ್‌ಗಳ ಹತ್ತಿರವೂ ಮಾತಾಡಿ. ಕಾರ್ಮಿಕರ ಲೈನ್ ಮನೆಗಳಲ್ಲಿ ಹಾಕಿ, ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಹುಡುಗರಿದ್ದಾರೆ. ಅವರನ್ನು ಕರೆಯುವವರೇ ಕಡಿಮೆ.

ಮುಖ್ಯ ಪಂದ್ಯಕ್ಕೆ ಮುಂಚೆ ಒಂದು ಸಣ್ಣ ಪಂದ್ಯ ಇಡಿ. ಹಳೇ ವಿದ್ಯಾರ್ಥಿಗಳ ಎರಡು ತಂಡ, ಇಲ್ಲವೇ ಎರಡು ಕುಟುಂಬಗಳ ತಂಡ. ತಲಾ ಹತ್ತು ನಿಮಿಷದ ಎರಡು ಭಾಗ ಸಾಕು. ಆಡುವ ಪ್ರತಿಯೊಬ್ಬರ ಹಿಂದೆ ಮೂರ್ನಾಲ್ಕು ಜನ ಮನೆಯವರು ಬರುತ್ತಾರೆ. ಅವರಿಗೆ ಟಿಕೆಟ್ ದರ ನೆನಪಿಗೂ ಬರುವುದಿಲ್ಲ.

ವಿದ್ಯಾರ್ಥಿಗಳಿಗೆ ಗುರುತಿನ ಚೀಟಿ ತೋರಿಸಿದರೆ 20 ರೂಪಾಯಿ. ಇದು 35ಕ್ಕಿಂತ ಕಡಿಮೆ ಅಲ್ವಾ ಎಂದು ಕೇಳಬಹುದು. ಹೌದು, ಆದರೆ ಕಾರ್ಡ್ ಇಲ್ಲದೆ ಆ ದರ ಸಿಗುವುದಿಲ್ಲ, ಸೀಸನ್ ಪೂರ್ತಿ ಅದೇ ದರ ಇರುತ್ತದೆ. ಯಾರಿಗೂ ಇದರಲ್ಲಿ ಬೇಜಾರಿಲ್ಲ. ಬೇರೆ ಕಾಲೇಜಿನ ವಿದ್ಯಾರ್ಥಿಗಳಿಗೂ ಅದೇ 20 ಇರಲಿ. ಎದುರಾಳಿ ಕಾಲೇಜಿನವರು ಒಂದು ಬಸ್ ತುಂಬಾ ಬಂದರೆ ಗದ್ದಲ ಜಾಸ್ತಿ, ಆಟಕ್ಕೂ ಕಳೆ ಬರುತ್ತದೆ.

ಶಾಲಾ ತಂಡದ ಮಕ್ಕಳು ಹಾಕಿ ಸ್ಟಿಕ್ ಹಿಡಿದು ಬಂದರೆ ಉಚಿತ. ಜೊತೆಗೆ ಬರುವ ದೊಡ್ಡವರಿಗೆ ಟಿಕೆಟ್. ಇದನ್ನು ಬರೀ ಲೆಕ್ಕಕ್ಕಾಗಿ ಹೇಳುತ್ತಿಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ, ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್, ಸೋಮವಾರಪೇಟೆಯ ಎಸ್.ವಿ. ಸುನಿಲ್ ಇವರೆಲ್ಲ ಈ ಮಣ್ಣಿನವರು. ಮುಂದಿನವರು ಈಗ ಮೈದಾನದ ಬದಿಯಲ್ಲಿ ಕೂತು ನೋಡುತ್ತಿರಬೇಕು.

ಇನ್ನು, ದರ ಕಡಿಮೆ ಮಾಡುವ ಬದಲು ದರದ ಒಳಗೆ ಏನಾದರೂ ಸೇರಿಸಿ. 50ರ ಟಿಕೆಟ್ ಜೊತೆ ಒಂದು ಕಾಫಿ ಕೂಪನ್. ಅಂಗಡಿಯಲ್ಲಿ 15 ರೂಪಾಯಿಯ ಕಾಫಿ ನಿಮಗೆ ಅರ್ಧ ಖರ್ಚಿನಲ್ಲಿ ಆಗುತ್ತದೆ. ಊರಿನ ಪ್ಲಾಂಟರ್ ಒಬ್ಬರು ಪುಡಿ ಕೊಟ್ಟರೆ ಇನ್ನೂ ಕಡಿಮೆ. ಬಂದವರಿಗೆ 15 ಉಳಿಯಿತು, ನಿಮಗೆ ಹೋದದ್ದು ಏಳೆಂಟು. ಕಾಫಿಗೆ ಬಂದವರು ಪಕ್ಕದಲ್ಲಿ ಅಕ್ಕಿ ರೊಟ್ಟಿ, ಪಂದಿ ಕರಿ ಇಟ್ಟಿದ್ದರೆ ಅದನ್ನೂ ತಿನ್ನುತ್ತಾರೆ. ಆ ಸ್ಟಾಲ್‌ನ ಬಾಡಿಗೆ ಸಮಿತಿಗೆ ಬರುತ್ತದೆ.

ಐದನೆಯದು: ಫ್ರೀ ಪಾಸ್ ಹತೋಟಿ

"ನಾವೆಲ್ಲ ನಿಮ್ಮವರೇ ಅಲ್ವಾ, ನಮಗೂ ಟಿಕೆಟಾ?" ಈ ಮಾತು ಬರುತ್ತದೆ. ಉತ್ತರ ಮೊದಲೇ ಸಿದ್ಧವಿರಲಿ. ಆಟಗಾರರ ತಂದೆ ತಾಯಿಗೆ ಇಬ್ಬರಿಗೆ, ರಾಜ್ಯ ಅಥವಾ ದೇಶಕ್ಕೆ ಆಡಿದ ಹಿರಿಯರಿಗೆ, ಆ ದಿನದ ದಾನಿಗಳಿಗೆ ಉಚಿತ. ಸ್ಟಿಕ್ ಹಿಡಿದು ಬರುವ ಶಾಲಾ ಮಕ್ಕಳನ್ನು ಬಿಟ್ಟರೆ ಪಟ್ಟಿ ಮುಗಿಯಿತು. ಹಿರಿಯ ಆಟಗಾರರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೈಕ್‌ನಲ್ಲಿ ಹೆಸರು ಹೇಳಿ.

ಉಚಿತವಾಗಿ ಕೊಟ್ಟ ಪಾಸ್‌ಗೆ ಬೆಲೆ ಕಡಿಮೆ. 1985ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ಇದರ ಹತ್ತಿರದ ಮಾತನ್ನೇ ಹೇಳುತ್ತದೆ. ಓಹಾಯೋ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ನಾಟಕದ ಸೀಸನ್ ಟಿಕೆಟ್ ಕೊಳ್ಳಲು ಬಂದವರಿಗೆ ಲಾಟರಿಯಂತೆ ಕೆಲವರಿಗೆ ಪೂರ್ತಿ ದರ, ಕೆಲವರಿಗೆ ರಿಯಾಯಿತಿ ದರ ಹಾಕಿದರು. ಸೀಸನ್‌ನ ಮೊದಲ ಅರ್ಧದಲ್ಲಿ ಪೂರ್ತಿ ದುಡ್ಡು ಕೊಟ್ಟವರೇ ಜಾಸ್ತಿ ನಾಟಕಗಳಿಗೆ ಬಂದರು. ಎಲ್ಲರೂ ಮನಸ್ಸಿದ್ದೇ ಕೊಂಡವರು. ಕೊಟ್ಟ ದುಡ್ಡು ಎಳೆದು ತಂದಿತು. ನೂರು ಫ್ರೀ ಪಾಸ್ ಹಂಚಿದರೆ ನೂರು ಜನ ಬರುತ್ತಾರೆಂದು ಕುರ್ಚಿ ಬಾಡಿಗೆಗೆ ತರಬೇಡಿ. ಉಚಿತ ಪಾಸ್ ಮೇಲೂ "ದರ 50 ರೂಪಾಯಿ, ಕ್ರೀಡಾ ಸಮಿತಿಯ ಗೌರವ ಪಾಸ್" ಎಂದೇ ಅಚ್ಚು ಹಾಕಿ.

ಆರನೆಯದು: ದಿನ, ಹೊತ್ತು

ದರ ಎಷ್ಟೇ ಸರಿಯಿದ್ದರೂ ದಿನ ತಪ್ಪಿದರೆ ಗ್ಯಾಲರಿ ತುಂಬುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಕುಟುಂಬ ಹಾಕಿ, ಮದುವೆ. ಅಲ್ಲಿ ಪೈಪೋಟಿ ಬೇಡ. ಸುಗ್ಗಿ ಹಬ್ಬ ಪುತ್ತರಿಯ ದಿನಗಳನ್ನೂ ಬಿಡಿ. ಉಳಿಯುವುದು ಅಕ್ಟೋಬರ್ ಕೊನೆಯಿಂದ ನವೆಂಬರ್, ಮತ್ತೆ ಜನವರಿ ಕೊನೆಯಿಂದ ಮಾರ್ಚ್. ಅರೇಬಿಕಾ ಕೊಯ್ಲು, ಆಮೇಲೆ ರೋಬಸ್ಟಾ ಕೊಯ್ಲು ನಡೆಯುವಾಗ ವಾರದ ದಿನಗಳಲ್ಲಿ ತೋಟದವರು ಯಾರೂ ಬರಲಾರರು. ಭಾನುವಾರ ಅಥವಾ ಆ ಊರಿನ ಸಂತೆ ದಿನ ನೋಡಿಕೊಳ್ಳಿ. ಪಾಸ್ ಮಾರಲು ಒಳ್ಳೆಯ ಸಮಯ ಕಾಫಿ ಮಾರಿದ ದುಡ್ಡು ಕೈಗೆ ಬಂದಾಗ. ಮುಂದಿನ ಸೀಸನ್‌ನ ಪಾಸ್ ಅನ್ನು ಮಾರ್ಚ್‌ನಲ್ಲೇ ಮಾರಲು ಶುರು ಮಾಡಿ. ಆಗ ಕೊಂಡವರಿಗೆ 200, ಅಕ್ಟೋಬರ್‌ನಲ್ಲಿ ಕೊಂಡರೆ 240. ಮುಂಚೆ ಕೊಂಡವರಿಗೆ ಕಡಿಮೆ ಅನ್ನುವುದು ಯಾರಿಗಾದರೂ ಒಪ್ಪಿಗೆಯಾಗುವ ಕಾರಣ.

ಆಟ ಸಂಜೆ ಐದೂವರೆಯೊಳಗೆ ಮುಗಿಯಲಿ. ಸಿದ್ದಾಪುರ, ತಿತಿಮತಿ, ಕುಟ್ಟ ಕಡೆಯವರು ಕತ್ತಲಾದ ಮೇಲೆ ಆನೆ ಓಡಾಡುವ ದಾರಿಯಲ್ಲಿ ಹೋಗಬೇಕು. ಕೊನೆಯ ಬಸ್ಸೂ ತಪ್ಪಬಾರದು. ಹಾಕಿ ಪಂದ್ಯ 15 ನಿಮಿಷದ ನಾಲ್ಕು ಕ್ವಾರ್ಟರ್, ವಿರಾಮ ಸೇರಿದರೆ ಒಂದೂಕಾಲು ಗಂಟೆಯ ಮೇಲಾಗುತ್ತದೆ. ಮೂರೂವರೆಗೆ ಮುಖ್ಯ ಪಂದ್ಯ ಶುರುವಾದರೆ ಸರಿ. ಕೆಲವರು ರಿಯಾಯಿತಿ ಕೊಟ್ಟರೂ ಬರದಿರುವುದಕ್ಕೆ ಬರೀ ಇದೇ ಕಾರಣ ಇರುತ್ತದೆ.

ಏಳನೆಯದು: ದೊಡ್ಡ ಪಂದ್ಯಕ್ಕೆ ದೊಡ್ಡ ದರ

ಪಕ್ಕದ ಊರಿನ ಕಾಲೇಜು ಬಂದಾಗ ತಂಡ ಎಷ್ಟು ಸೋತಿದ್ದರೂ ಜನ ಬರುತ್ತಾರೆ. ಆ ಪಂದ್ಯಕ್ಕೆ 70 ಅಥವಾ 80 ಇಡಿ. ಆದರೆ ಸೀಸನ್ ಶುರುವಾಗುವ ಮುಂಚೆಯೇ ಆರೂ ಪಂದ್ಯದ ದರ ಪಟ್ಟಿಯನ್ನು ಅಚ್ಚು ಹಾಕಿ ಅಂಟಿಸಿ. ಪಾಸ್‌ನ ಲಾಭವೂ ಆಗ ಎದ್ದು ಕಾಣುತ್ತದೆ.

ದಿನದಿನಕ್ಕೆ ದರ ಬದಲಿಸುವ ಪದ್ಧತಿ ಇದೆ. ಅಮೆರಿಕದ ಬೇಸ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸ್ 2009ರಲ್ಲಿ ಕೆಲವು ಸೀಟುಗಳಿಗೆ, 2010ರಲ್ಲಿ ಇಡೀ ಮೈದಾನಕ್ಕೆ ಅದನ್ನು ತಂದಿತು. ನಮಗೆ ಅದು ಬೇಡ. ನಿನ್ನೆ 50 ಇದ್ದದ್ದು ಇವತ್ತು 65 ಅಂದರೆ ಇಲ್ಲಿ ವ್ಯವಹಾರದ ಮೇಲೆಯೇ ಅನುಮಾನ ಬರುತ್ತದೆ.

ಎಂಟನೆಯದು: ಗೇಟು

ಪ್ರತಿ ವರ್ಗಕ್ಕೆ ಬೇರೆ ಬಣ್ಣದ ಟಿಕೆಟ್, ಎಲ್ಲಕ್ಕೂ ಕ್ರಮಸಂಖ್ಯೆ, ಕೌಂಟರ್‌ಫಾಯಿಲ್. ಕ್ಯೂಆರ್ ಕೋಡ್ ಇಡಿ, ಆದರೆ ನೆಟ್‌ವರ್ಕ್ ಕೈಕೊಡುವ ಮೈದಾನಗಳು ನಮ್ಮಲ್ಲಿ ಬಹಳ. ಹತ್ತರ, ಇಪ್ಪತ್ತರ ನೋಟು ಇಟ್ಟುಕೊಂಡಿರಿ. ಪಂದ್ಯ ಮುಗಿದ ಕೂಡಲೇ ಒಬ್ಬ ಉಪನ್ಯಾಸಕರು, ಒಬ್ಬ ವಿದ್ಯಾರ್ಥಿ ಸೇರಿ ದುಡ್ಡು ಎಣಿಸಿ ಸಹಿ ಹಾಕಲಿ. ಮರುದಿನ ನೋಟಿಸ್ ಬೋರ್ಡ್‌ಗೆ ಲೆಕ್ಕ ಅಂಟಿಸಿ.

ಮಳೆಯ ಮಾತು ಟಿಕೆಟ್ ಹಿಂದೆ ಬರೆದಿರಲಿ: ಅರ್ಧ ಆಟಕ್ಕೆ ಮುಂಚೆ ಮಳೆಯಿಂದ ನಿಂತರೆ ಇದೇ ಟಿಕೆಟ್ ಮುಂದಿನ ಪಂದ್ಯಕ್ಕೆ ನಡೆಯುತ್ತದೆ. ನವೆಂಬರ್‌ನಲ್ಲೂ ಮೋಡ ಕಟ್ಟುವ ಜಿಲ್ಲೆ ಇದು. ಈ ಒಂದು ಸಾಲು ಇದ್ದರೆ ಮುಂಚೆ ಟಿಕೆಟ್ ಕೊಳ್ಳಲು ಜನ ಹಿಂದೆಮುಂದೆ ನೋಡುವುದಿಲ್ಲ.

ಆಮೇಲೆ

ಪ್ರತಿ ಪಂದ್ಯಕ್ಕೂ ಒಂದು ಪುಟ ಬರೆದಿಡಿ. ಯಾವ ಬಣ್ಣದ ಟಿಕೆಟ್ ಎಷ್ಟು ಹೋಯಿತು, ಎದುರಾಳಿ ಯಾರು, ಮಳೆ ಇತ್ತೋ ಬಿಸಿಲಿತ್ತೋ, ಸಣ್ಣ ಪಂದ್ಯ ಇತ್ತಾ ಇಲ್ಲವಾ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗುಂಪು ಟಿಕೆಟ್ ಮತ್ತು ಕಾಫಿ ಕೂಪನ್ ಎರಡನ್ನೂ ಒಂದೇ ದಿನ ಶುರು ಮಾಡಿದರೆ ಜನ ಯಾವುದಕ್ಕೆ ಬಂದರು ಅಂತ ತಿಳಿಯುವುದಿಲ್ಲ. ಮೂರು ಪಂದ್ಯ ಆಗುವ ತನಕ ಯಾವುದನ್ನೂ ಕೈಬಿಡಬೇಡಿ.

ಮೂರು ಪಂದ್ಯದ ಪುಟಗಳನ್ನು ಹರಡಿಕೊಂಡು ಕೂತಾಗ ಒಂದು ಪ್ರಶ್ನೆ ಕೇಳಿ: ರಿಯಾಯಿತಿಯಲ್ಲಿ ಬಂದವರಲ್ಲಿ ಎಷ್ಟು ಜನ ಎರಡನೆಯ ಸಲ ಬಂದರು? ಗುಂಪು ಟಿಕೆಟ್ ಕೊಂಡವರ ಫೋನ್ ನಂಬರ್ ಅವರ ಒಪ್ಪಿಗೆ ಪಡೆದು ಬರೆದುಕೊಂಡಿದ್ದರೆ ಇದು ಗೊತ್ತಾಗುತ್ತದೆ. ಮತ್ತೆ ಬಂದವರಿಗೆ ಮಾರ್ಚ್‌ನಲ್ಲಿ ತಂಡದ ನಾಯಕನೇ ಫೋನ್ ಮಾಡಿ ಪಾಸ್ ವಿಷಯ ಹೇಳಲಿ. ಒಮ್ಮೆ ಮಾತ್ರ ಬಂದವರ ಗುಂಪಿಗೆ ಕೊಟ್ಟ ರಿಯಾಯಿತಿಯನ್ನು ಮುಂದಿನ ವರ್ಷ ನಿಲ್ಲಿಸಿ, ಆ ದುಡ್ಡನ್ನು ಶಾಲಾ ಮಕ್ಕಳನ್ನು ಕರೆತರುವ ಜೀಪಿನ ಬಾಡಿಗೆಗೆ ಹಾಕಿ.